ಮೆಕ್ಸಿಕನ್ ಮಸಾಲೆ ಪುಡಿ ಮನೆಯಲ್ಲೇ: ಜೀರಿಗೆ ಕಮ್ಮಿ, ಮೆಣಸಿನಕಾಯಿ ಜಾಸ್ತಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆಯಲ್ಲಿ ಎಲ್ಲರಿಗೂ ಟಾಕೋ, ಬರೀಟೊ ಅಂದ್ರೆ ಇಷ್ಟ. ಪ್ಯಾಕೆಟ್ ಮಸಾಲೆಯಲ್ಲಿ ಉಪ್ಪು ಜಾಸ್ತಿ ಅನ್ನಿಸಿ ಮನೆಯಲ್ಲೇ ಪುಡಿ ಮಾಡಲು ಹೊರಟೆ. ಒಂದು ಅಮೆರಿಕನ್ ರೆಸಿಪಿಯಲ್ಲಿ ಕಾಲು ಕಪ್ ಚಿಲ್ಲಿ ಪೌಡರ್, ಎರಡು ದೊಡ್ಡ ಚಮಚ ಜೀರಿಗೆ ಪುಡಿ, ಜೊತೆಗೆ ಓರೆಗಾನೊ, ಬೆಳ್ಳುಳ್ಳಿ ಪುಡಿ ಅಂತ ಇತ್ತು. ಹಾಗೇ ಮಾಡಿದೆ. ಖಾರಕ್ಕೆ ಬಾಯಿಗೆ ಇಡಲು ಆಗಲಿಲ್ಲ. ಮುಂದಿನ ಸಲ ಮೆಣಸಿನ ಪುಡಿಯನ್ನು ಒಂದೇ ಚಮಚಕ್ಕೆ ಇಳಿಸಿದೆ. ಆಗ ಬರೀ ಜೀರಿಗೆ ವಾಸನೆ, ಕೊನೆಯಲ್ಲಿ ನಾಲಿಗೆಗೆ ಸ್ವಲ್ಪ ಕಹಿ. ಎಲ್ಲಿ ತಪ್ಪಿದೆ? ನಿಜವಾದ ಮೆಕ್ಸಿಕನ್ ಮಸಾಲೆ ಪುಡಿ ಹೇಗೆ ಮಾಡುವುದು?

ಉತ್ತರ: ನಿಮ್ಮ ಕೈ ಸರಿಯಾಗಿಯೇ ಇದೆ. ನಿಮ್ಮನ್ನು ದಾರಿ ತಪ್ಪಿಸಿದ್ದು ‘ಚಿಲ್ಲಿ ಪೌಡರ್’ ಅನ್ನುವ ಎರಡು ಪದ.

ಅಮೆರಿಕದ ರೆಸಿಪಿಯಲ್ಲಿ ಚಿಲ್ಲಿ ಪೌಡರ್ ಎಂದು ಬರೆದಿದ್ದರೆ ಅದನ್ನು ‘ಚಿಲ್ಲಿ ಎಂಬ ಅಡುಗೆಗೆ ಹಾಕುವ ಪುಡಿ’ ಎಂದು ಓದಬೇಕು. ಮಾಂಸವನ್ನು ಒಣ ಮೆಣಸಿನಕಾಯಿಯ ರಸದಲ್ಲಿ ಬೇಯಿಸುವ ‘ಚಿಲ್ಲಿ ಕಾನ್ ಕಾರ್ನೆ’ ಇದೆಯಲ್ಲ, ಆ ಚಿಲ್ಲಿ. 1977ರಿಂದ ಅದು ಟೆಕ್ಸಸ್ ರಾಜ್ಯದ ಅಧಿಕೃತ ಖಾದ್ಯ. ಅದಕ್ಕೆ ಹಾಕುವ ಪುಡಿಯಲ್ಲಿ ಖಾರ ಕಮ್ಮಿ ಇರುವ ಮೆಣಸಿನಕಾಯಿ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ, ಎಷ್ಟೋ ಸಲ ಉಪ್ಪು ಕೂಡ ಮೊದಲೇ ಸೇರಿರುತ್ತದೆ. ಅಂದರೆ ಆ ರೆಸಿಪಿ ಬರೆದವರು ಒಂದು ಮಸಾಲೆ ಪುಡಿಗೆ ಇನ್ನಷ್ಟು ಮಸಾಲೆ ಸೇರಿಸಲು ಹೇಳಿದ್ದರು. ನೀವು ಆ ಜಾಗದಲ್ಲಿ ಅಪ್ಪಟ ಖಾರದ ಮೆಣಸಿನ ಪುಡಿ ಸುರಿದಿರಿ.

ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಖಾರ ಅಳೆಯಲು ಸ್ಕೋವಿಲ್ ಎಂಬ ಅಳತೆ ಇದೆ. ವಿಲ್ಬರ್ ಸ್ಕೋವಿಲ್ ಎಂಬ ಔಷಧ ತಜ್ಞರು 1912ರಲ್ಲಿ ಕೊಟ್ಟದ್ದು. ಟೆಕ್ಸಸ್ ಪುಡಿಗೆ ಮೊದಲಿನಿಂದ ಬಳಸುವ ಆಂಚೊ ಮೆಣಸಿನಕಾಯಿ ಆ ಅಳತೆಯಲ್ಲಿ ಸುಮಾರು 1,000ದಿಂದ 2,000. ಕೆಯೆನ್ ಥರದ ಖಾರದ ಮೆಣಸಿನಕಾಯಿ 30,000ದಿಂದ 50,000. ಕಾಲು ಕಪ್ ಜಾಗಕ್ಕೆ ಇಪ್ಪತ್ತೈದು ಪಟ್ಟು ಖಾರ ಬಂದು ಕೂತರೆ ಬಾಯಿಗೆ ಇಡುವುದು ಹೇಗೆ? ಎರಡನೇ ಸಲ ನೀವು ಮೆಣಸಿನ ಪುಡಿ ಇಳಿಸಿದಿರಿ, ಆದರೆ ಜೀರಿಗೆ ಎರಡು ಚಮಚವೇ ಉಳಿಯಿತು. ಹಾಗಾಗಿ ಜೀರಿಗೆಯೇ ಮುಂದೆ ಬಂತು. ಕಹಿಯ ಮಾತು ಆಮೇಲೆ ಹೇಳುತ್ತೇನೆ, ಅದಕ್ಕೆ ಬೇರೆ ಕಾರಣ ಇದೆ.

ನನ್ನ ಉತ್ತರದ ಸಾರ ಇಷ್ಟೇ: ಈ ಅಡುಗೆಯಲ್ಲಿ ಮೆಣಸಿನಕಾಯಿ ಹಾಕುವುದು ರುಚಿಗೆ, ಮೈಗೆ, ಬಣ್ಣಕ್ಕೆ. ಖಾರ ಅದರ ಒಂದು ಗುಣ ಮಾತ್ರ. ಪುಡಿಯ ಮೂರರಲ್ಲಿ ಎರಡು ಪಾಲು ಮೆಣಸಿನಕಾಯಿಯೇ ಇರಬೇಕು. ಅಷ್ಟು ಹಾಕಿದರೂ ತಿನ್ನಲು ಆಗುವಂಥ ಮೆಣಸಿನಕಾಯಿ ಆರಿಸಿಕೊಳ್ಳಬೇಕು. ಇದೊಂದು ಹಿಡಿತಕ್ಕೆ ಬಂದರೆ ಉಳಿದದ್ದು ಸುಲಭ.

‘ನಿಜವಾದ ಮೆಕ್ಸಿಕನ್ ಮಸಾಲೆ ಪುಡಿ’ ಎಂದು ಕೇಳಿದ್ದೀರಿ. ಇದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಎಲ್ಲದಕ್ಕೂ ಹಾಕುವ ಒಂದು ಪುಡಿ ಮೆಕ್ಸಿಕೊದಲ್ಲಿ ಇಲ್ಲ. ಟಾಕೋ ಮಸಾಲೆ ಪ್ಯಾಕೆಟ್ ಅಮೆರಿಕದ್ದು. ಅದರ ಬೇರು ಟೆಕ್ಸಸ್. ಅಲ್ಲಿನ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ 19ನೇ ಶತಮಾನದಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯ ಹೊತ್ತು ಚಿಲ್ಲಿ ಮಾರುತ್ತಿದ್ದರು. ಊರಿನವರು ಅವರನ್ನು ‘ಚಿಲ್ಲಿ ಕ್ವೀನ್ಸ್’ ಎಂದು ಕರೆಯುತ್ತಿದ್ದರು. ಹತ್ತಿರದ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ ಜರ್ಮನಿಯಿಂದ ಬಂದು ನೆಲೆಸಿದ್ದ ವಿಲಿಯಂ ಗೆಬ್ಹಾರ್ಟ್ ಎಂಬವರು 1890ರ ದಶಕದಲ್ಲಿ ಮೆಕ್ಸಿಕೊದಿಂದ ಆಂಚೊ ತರಿಸಿ, ಮಾಂಸ ಕೊಚ್ಚುವ ಯಂತ್ರದಲ್ಲಿ ಪುಡಿ ಮಾಡಿ, ಸೀಸೆಗಳಲ್ಲಿ ಮಾರಲು ಶುರು ಮಾಡಿದರು. ವರ್ಷಪೂರ್ತಿ ಸಿಗುವ ಪುಡಿ ಬಂದ ಮೇಲೆ ಆ ರುಚಿ ಅಮೆರಿಕ ತುಂಬಾ ಹರಡಿತು. ಇದನ್ನು ಕೀಳಾಗಿ ನೋಡುವವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಟೆಕ್ಸಸ್‌ನ ಮೆಕ್ಸಿಕನ್ ಮನೆಗಳಲ್ಲಿ ಬೆಳೆದ ಅಡುಗೆ ಅದು, ಅದಕ್ಕೂ ಅದರದ್ದೇ ಮರ್ಯಾದೆ ಇದೆ. ಆದರೆ ಅದನ್ನೇ ಇಡೀ ಮೆಕ್ಸಿಕೊ ಎಂದುಕೊಂಡರೆ ಕಳೆದುಕೊಳ್ಳುವುದು ಬಹಳ.

ಗಡಿಯ ಆ ಕಡೆ ಮಸಾಲೆಯನ್ನು ಹೆಚ್ಚಾಗಿ ಒದ್ದೆಯಾಗಿ ಮಾಡುತ್ತಾರೆ. ಒಣ ಮೆಣಸಿನಕಾಯಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿ, ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಮಸಾಲೆ ಸೇರಿಸಿ ರುಬ್ಬುತ್ತಾರೆ. ಆ ಕಾವಲಿಗೆ ‘ಕೊಮಾಲ್’ ಎನ್ನುತ್ತಾರೆ. ಕಪ್ಪು ಅಗ್ನಿಶಿಲೆಯ ಒರಳಿಗೆ ‘ಮೊಲ್ಕಹೇತೆ’. ಒಂದೊಂದು ಸೀಮೆಯ ರುಚಿ ಒಂದೊಂದು. ಯುಕಟಾನ್‌ನಲ್ಲಿ ‘ರೆಕಾಡೊ’ ಎಂಬ ಮಸಾಲೆ ಮುದ್ದೆ ಇದೆ. ಕೆಂಪು ರೆಕಾಡೊಗೆ ಬಣ್ಣ ಕೊಡುವುದು ಮೆಣಸಿನಕಾಯಿಯಲ್ಲ, ಅಚಿಯೋಟೆ ಎಂಬ ಗಿಡದ ಕೆಂಪು ಬೀಜ. ಅದನ್ನು ಹುಳಿ ಕಿತ್ತಳೆ ರಸದಲ್ಲಿ ಕಲಸಿ ಹಂದಿಮಾಂಸಕ್ಕೆ ಹಚ್ಚಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದರೆ ಕೊಚಿನೀತಾ ಪಿಬಿಲ್. ಪುಯೆಬ್ಲಾ, ಓಹಾಕಾ ಕಡೆ ಮೆಣಸಿನಕಾಯಿ, ಮಸಾಲೆ ರುಬ್ಬಿ ಮಾಡುವ ಗಟ್ಟಿ ಗ್ರೇವಿ, ಅಂದರೆ ‘ಮೋಲೆ’ಗಳ ದೊಡ್ಡ ಕುಟುಂಬವೇ ಇದೆ. ಉತ್ತರದ ದನ ಸಾಕುವ ಸೀಮೆಗಳಲ್ಲಿ ಕೆಂಡದ ಮೇಲೆ ಸುಡುವ ಮಾಂಸಕ್ಕೆ ಎಷ್ಟೋ ಸಲ ಉಪ್ಪು ಬಿಟ್ಟು ಬೇರೇನೂ ಇರುವುದಿಲ್ಲ. ರುಚಿಯೆಲ್ಲ ಪಕ್ಕದಲ್ಲಿಡುವ ಸಾಲ್ಸಾ ಎಂಬ ಚಟ್ನಿಯಲ್ಲಿ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಇಷ್ಟು ವಿಶಾಲವಾದದ್ದನ್ನು ಒಂದು ಡಬ್ಬಿಯಲ್ಲಿ ತುಂಬಲು ಆಗುವುದಿಲ್ಲ. ಹಾಗಂತ ಡಬ್ಬಿ ಬೇಡ ಎಂದಲ್ಲ. ವಾರದ ಮಧ್ಯೆ ಕೆಲಸ ಮುಗಿಸಿ ಬಂದು ಅಡುಗೆ ಮಾಡುವವರಿಗೆ ಒಳ್ಳೆಯ ಪುಡಿ ದೊಡ್ಡ ಆಸರೆ.

ಈಗ ಮೆಣಸಿನಕಾಯಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಪುಡಿ ನಿಂತಿರುವುದೇ ಇದರ ಮೇಲೆ.

ಮೆಕ್ಸಿಕೊದಲ್ಲಿ ಹಸಿ ಮೆಣಸಿನಕಾಯಿಗೆ ಒಂದು ಹೆಸರು, ಅದೇ ಒಣಗಿದ ಮೇಲೆ ಇನ್ನೊಂದು ಹೆಸರು. ಒಣಗಿದಾಗ ರುಚಿ ಪೂರ್ತಿ ಬೇರೆ ಆಗುವುದರಿಂದ ಅವರು ಅದನ್ನು ಬೇರೆಯದೇ ಪದಾರ್ಥವಾಗಿ ನೋಡುತ್ತಾರೆ. ಪೊಬ್ಲಾನೊ ಎಂಬ ದಪ್ಪ ಮೆಣಸಿನಕಾಯಿ ಕೆಂಪಗೆ ಹಣ್ಣಾಗಿ ಒಣಗಿದರೆ ಆಂಚೊ. ಅಗಲವಾಗಿರುತ್ತದೆ, ಸುಕ್ಕುಸುಕ್ಕು, ಕಡುಕೆಂಪು ಕಪ್ಪು ಬಣ್ಣ. ಮುಟ್ಟಿದರೆ ಒಣದ್ರಾಕ್ಷಿಯ ಹಾಗೆ ಮೆತ್ತಗೆ. ಮೂಗಿನ ಹತ್ತಿರ ಹಿಡಿದರೆ ವಾಸನೆಯೂ ಒಣದ್ರಾಕ್ಷಿಯದೇ. ಸಿಹಿ, ಸ್ವಲ್ಪ ಚಾಕೊಲೇಟಿನ ಛಾಯೆ, ಖಾರ ಬಹಳ ಕಮ್ಮಿ. ನನ್ನ ಪುಡಿಗೆ ಇದೇ ಅಡಿಪಾಯ. ಆಂಚೊ ಇಲ್ಲದೆ ಮಾಡಿದ ಪುಡಿಯಲ್ಲಿ ರುಚಿ ಮೇಲುಮೇಲೆ ತೇಲುತ್ತದೆ, ತಳ ಇರುವುದಿಲ್ಲ.

ಎರಡನೆಯದು ಗ್ವಾಹಿಯೊ. ಮಿರಾಸೋಲ್ ಎಂಬ ಮೆಣಸಿನಕಾಯಿ ಒಣಗಿ ಆದದ್ದು. ಉದ್ದ, ನುಣುಪು, ಹೊಳೆಯುವ ಕಂದುಗೆಂಪು ಸಿಪ್ಪೆ. ಒಂದು ಚೂರು ಹುಳಿ, ಹಣ್ಣಿನ ಚುರುಕು, ಒಳ್ಳೆಯ ಕೆಂಪು ಬಣ್ಣ. ಖಾರ 2,500ರಿಂದ 5,000, ಹಿತವಾದ ಮಟ್ಟ. ಆಂಚೊ ತಳದಲ್ಲಿ ಗಂಭೀರವಾಗಿ ಕೂತರೆ ಗ್ವಾಹಿಯೊ ಮೇಲಿನಿಂದ ಬೆಳಕು ಬಿಟ್ಟ ಹಾಗೆ. ಎರಡೂ ಸೇರಿದಾಗಲೇ ಚೆಂದ.

ಮೂರನೆಯದು ಚಿಪೋಟ್ಲೆ. ಹಣ್ಣಾದ ಹಲಪೆನ್ಯೊ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು. ಮೆಕ್ಸಿಕೊದ ಮೂಲಜನರ ನಾವಾಟ್ಲ್ ಭಾಷೆಯಲ್ಲಿ ಹೆಸರಿನ ಅರ್ಥವೇ ‘ಹೊಗೆ ಹಾಕಿದ ಮೆಣಸಿನಕಾಯಿ’. ಚಿಲ್ಲಿ ಎಂಬ ಮಾತು ಕೂಡ ಅದೇ ಭಾಷೆಯದು. ಚಿಪೋಟ್ಲೆ ಸ್ವಲ್ಪವೇ ಸಾಕು. ಜಾಸ್ತಿಯಾದರೆ ಹೊಗೆ ಬಿಟ್ಟು ಬೇರೆ ಯಾವ ರುಚಿಯೂ ತಿಳಿಯುವುದಿಲ್ಲ.

ಖಾರ ಬೇಕೆನ್ನುವವರಿಗೆ ಆರ್ಬೊಲ್ ಇದೆ. ಸಣ್ಣಗೆ ಕಡ್ಡಿಯಂತೆ ಇರುತ್ತದೆ, 15,000ದಿಂದ 30,000 ಖಾರ. ಇದನ್ನು ಪುಡಿಗೆ ಹಾಕಬೇಡಿ, ಪಕ್ಕದಲ್ಲಿ ಬೇರೆ ಪುಡಿ ಮಾಡಿ ಇಟ್ಟುಕೊಳ್ಳಿ. ಮಗುವಿಗೂ ದೊಡ್ಡವರಿಗೂ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿ, ಬೇಕಾದವರ ತಟ್ಟೆಗೆ ಮಾತ್ರ ಖಾರ ಉದುರಿಸಬಹುದು. ಪಸಿಯಾ, ಮುಲಾಟೊ, ಕಾಸ್ಕಬೆಲ್ ಎಂದು ಇನ್ನೂ ಬಹಳ ಇವೆ. ಮೊದಲ ಡಬ್ಬಿಗೆ ಅವು ಬೇಡ.

ಮೆಕ್ಸಿಕೊದ ಮೆಣಸಿನಕಾಯಿ ಸಿಗದೇ ಹೋದರೆ? ದಪ್ಪ ಸಿಪ್ಪೆಯ, ಒಳ್ಳೆ ಬಣ್ಣದ, ಖಾರ ಕಮ್ಮಿ ಇರುವ ಯಾವುದೇ ಒಣ ಮೆಣಸಿನಕಾಯಿ ತೆಗೆದುಕೊಳ್ಳಿ, ಅಥವಾ ಸಿಹಿ ಪ್ಯಾಪ್ರಿಕಾ ಪುಡಿ. ಒಂದು ತುಂಡು ಮುರಿದು ನಾಲಿಗೆ ಮೇಲೆ ಇಟ್ಟು ನೋಡಿ. ಒಂದು ದೊಡ್ಡ ಚಮಚ ಪುಡಿ ಅಡುಗೆಗೆ ಹಾಕಿದರೂ ತಡೆಯುತ್ತದೆ ಅನ್ನಿಸಿದರೆ ಅದು ಆಗುತ್ತದೆ. ಆಂಚೊದ ಸಿಹಿ ಕಪ್ಪು ಛಾಯೆಗೆ 60 ಗ್ರಾಂ ಪುಡಿಗೆ ಒಂದು ಸಣ್ಣ ಚಮಚ ಸಿಹಿ ಇಲ್ಲದ ಕೋಕೋ ಪುಡಿ ಸೇರಿಸಿ. ಹೊಗೆಯ ರುಚಿಗೆ ಸ್ಪೇನಿನ ಹೊಗೆ ಪ್ಯಾಪ್ರಿಕಾ ನಡೆಯುತ್ತದೆ. ಅದು ಮೆಕ್ಸಿಕೊದ್ದಲ್ಲ, ಆದರೂ ಚಿಪೋಟ್ಲೆಯ ಜಾಗವನ್ನು ಒಂದು ಮಟ್ಟಿಗೆ ತುಂಬುತ್ತದೆ.

ಇನ್ನು ಜೀರಿಗೆ. ಸ್ಪೇನಿನವರು 1521ರಲ್ಲಿ ಅಸ್ಟೆಕ್ ರಾಜಧಾನಿಯನ್ನು ಹಿಡಿದ ನಂತರದ ಕಾಲದಲ್ಲಿ ಮೆಕ್ಸಿಕೊಗೆ ಬಂದ ಪದಾರ್ಥಗಳಲ್ಲಿ ಇದೂ ಒಂದು. ಬೆಳ್ಳುಳ್ಳಿ, ಚಕ್ಕೆ, ಲವಂಗ, ಕಾಳುಮೆಣಸು, ಎಳ್ಳು ಎಲ್ಲವೂ ಹೀಗೇ ಬಂದವು. ಆ ನೆಲದ್ದೇ ಆದವು ಮೆಣಸಿನಕಾಯಿ, ಟೊಮ್ಯಾಟೊ, ಕೋಕೋ, ವೆನಿಲಾ, ಅಚಿಯೋಟೆ, ಕುಂಬಳ ಬೀಜ, ಆಲ್‌ಸ್ಪೈಸ್ ಎಂಬ ಮಸಾಲೆ ಕಾಳು, ಎಪಸೋಟೆ ಸೊಪ್ಪು. ಮೆಕ್ಸಿಕೊದ ಅಡುಗೆಯವರು ಜೀರಿಗೆಯನ್ನು ಚಿಟಿಕೆ ಲೆಕ್ಕದಲ್ಲಿ ಹಾಕುತ್ತಾರೆ. ಅದು ಹಿಂದೆ ನಿಂತು ಮೆಣಸಿನಕಾಯಿಯನ್ನು ಎತ್ತಿ ಹಿಡಿಯಬೇಕು. ಟೆಕ್ಸಸ್‌ನಲ್ಲಿ ಕೈ ಧಾರಾಳ. ನಾನು ಈ ಎರಡರ ನಡುವೆ ನಿಲ್ಲುತ್ತೇನೆ: ಮೆಣಸಿನಕಾಯಿ ಹತ್ತು ಪಾಲಾದರೆ ಜೀರಿಗೆ ಒಂದು ಪಾಲು, ತೂಕದಲ್ಲಿ. ನಿಮ್ಮ ಎರಡನೇ ಪುಡಿಯಲ್ಲಿ ಮೆಣಸಿನಕಾಯಿಗಿಂತ ಜೀರಿಗೆಯೇ ಜಾಸ್ತಿ ಇತ್ತು, ಅಲ್ವಾ?

ಓರೆಗಾನೊ ಎಂಬ ಹೆಸರಲ್ಲೂ ಎರಡು ಗಿಡ ಇವೆ. ಪಿಜ್ಜಾದ ಮೇಲೆ ಉದುರಿಸುವುದು ಮೆಡಿಟರೇನಿಯನ್ ಓರೆಗಾನೊ, ಪುದೀನ ಕುಟುಂಬದ್ದು. ಮೆಕ್ಸಿಕನ್ ಓರೆಗಾನೊ ವರ್ಬೆನಾ ಕುಟುಂಬದ್ದು, ಇವೆರಡಕ್ಕೂ ನಂಟಿಲ್ಲ. ಇದರ ಎಲೆಯಲ್ಲಿ ನಿಂಬೆ ಸಿಪ್ಪೆಯ ಥರದ ಘಮ ಇದೆ, ಮೆಣಸಿನಕಾಯಿಯ ಜೊತೆ ಚೆನ್ನಾಗಿ ಹೊಂದುತ್ತದೆ. ಸಿಗದಿದ್ದರೆ ಮಾರ್ಜೋರಾಮ್ ಎಂಬ ಒಣ ಸೊಪ್ಪು ಹಾಕಿ. ಅದೂ ಇಲ್ಲದಿದ್ದರೆ ಪಿಜ್ಜಾದ ಓರೆಗಾನೊವನ್ನೇ ಅರ್ಧ ಅಳತೆಗೆ ಇಳಿಸಿ, ಎರಡು ಚಿಟಿಕೆ ಕೊತ್ತಂಬರಿ ಬೀಜದ ಪುಡಿ ಸೇರಿಸಿ. ಪೂರ್ತಿ ಅಳತೆ ಹಾಕಿದರೆ ಕಹಿಯ ಅಂಚು ಬರುತ್ತದೆ.

ಚಕ್ಕೆಯ ವಿಷಯಕ್ಕೆ ಒಂದೇ ಮಾತು. ಮೆಕ್ಸಿಕೊದಲ್ಲಿ ‘ಕನೇಲಾ’ ಎಂದರೆ ಶ್ರೀಲಂಕಾದ ತೆಳು ಚಕ್ಕೆ. ಕೈಯಲ್ಲೇ ಪುಡಿಯಾಗುವಷ್ಟು ಮೆತ್ತಗೆ, ಪದರ ಪದರವಾಗಿ ಸುತ್ತಿರುತ್ತದೆ. ದಪ್ಪ ಚಕ್ಕೆಯ ಘಾಟು ಅದಕ್ಕಿಲ್ಲ.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ತೊಟ್ಟು, ಬೀಜ ತೆಗೆದ ಆಂಚೊ 40 ಗ್ರಾಂ. ಇದಕ್ಕೆ ಸುಮಾರು ನಾಲ್ಕು ದೊಡ್ಡ ಕಾಯಿ ಬೇಕಾಗುತ್ತದೆ. ಗ್ವಾಹಿಯೊ 20 ಗ್ರಾಂ, ನಾಲ್ಕೈದು ಕಾಯಿ. ಚಿಪೋಟ್ಲೆ 5 ಗ್ರಾಂ, ಎರಡು ಸಣ್ಣ ಕಾಯಿ. ಜೀರಿಗೆ ಒಂದು ದೊಡ್ಡ ಚಮಚ ಮಟ್ಟಸವಾಗಿ, ಅಂದರೆ 6 ಗ್ರಾಂ. ಒಣ ಓರೆಗಾನೊ ಎಲೆ ಒಂದೂವರೆ ದೊಡ್ಡ ಚಮಚ. ಬೆಳ್ಳುಳ್ಳಿ ಪುಡಿ ಒಂದು ದೊಡ್ಡ ಚಮಚ, ಈರುಳ್ಳಿ ಪುಡಿ ಒಂದು ದೊಡ್ಡ ಚಮಚ. ಕಾಳುಮೆಣಸು ಅರ್ಧ ಸಣ್ಣ ಚಮಚ. ಆಲ್‌ಸ್ಪೈಸ್ ಎರಡು ಕಾಳು, ತೆಳು ಚಕ್ಕೆ ಬೆರಳಿನ ಉಗುರಿನಷ್ಟು. ಎಲ್ಲ ಸೇರಿ 90 ಗ್ರಾಂ ಚಿಲ್ಲರೆ ಬರುತ್ತದೆ. ಅರ್ಧ ಕೆಜಿ ಮಾಂಸಕ್ಕೋ ಬೇಯಿಸಿದ ಕಪ್ಪು ಬೀನ್ಸಿಗೋ ಎರಡು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ಲೆಕ್ಕ. ಆರು ಸಲದ ಅಡುಗೆಗೆ ಸಾಕು. ಸಾಧ್ಯವಾದರೆ ತಕ್ಕಡಿ ಬಳಸಿ. ಮೆಣಸಿನಕಾಯಿಗಳ ಗಾತ್ರ ಒಂದೊಂದು ಥರ ಇರುವುದರಿಂದ ಎಣಿಸಿ ಹಾಕಿದರೆ ಪ್ರತಿ ಸಲ ರುಚಿ ಬದಲಾಗುತ್ತದೆ.

ಈ ಪಟ್ಟಿಯಲ್ಲಿ ಉಪ್ಪು ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಪುಡಿಯಲ್ಲಿ ಉಪ್ಪು ಇದ್ದರೆ ಮಸಾಲೆ ಜಾಸ್ತಿ ಬೇಕಾದಾಗ ಉಪ್ಪೂ ಜಾಸ್ತಿಯಾಗುತ್ತದೆ. ಡಬ್ಬಿಯ ಬೀನ್ಸಿಗೆ ಮೊದಲೇ ಉಪ್ಪು ಇರುತ್ತದೆ, ಹಸಿ ಮಾಂಸಕ್ಕೆ ಇರುವುದಿಲ್ಲ. ಎರಡಕ್ಕೂ ಒಂದೇ ಪುಡಿ ಹೊಂದಬೇಕಾದರೆ ಉಪ್ಪು ಹೊರಗೇ ಇರಬೇಕು. ಅರ್ಧ ಕೆಜಿ ಹಸಿ ಮಾಂಸಕ್ಕೆ ಒಂದು ಸಣ್ಣ ಚಮಚದಿಂದ ಶುರು ಮಾಡಿ. ಪ್ಯಾಕೆಟ್ಟಿನಲ್ಲಿ ನಿಮಗೆ ಕಷ್ಟವಾಗಿದ್ದೇ ಉಪ್ಪು. ಇದೊಂದರಿಂದಲೇ ಮನೆಯ ಪುಡಿಯ ಶ್ರಮ ಸಾರ್ಥಕ.

ಪ್ಯಾಕೆಟ್ ಹಾಕಿದರೆ ಗಟ್ಟಿ ಗ್ರೇವಿ ಬರುತ್ತದೆ, ಮನೆಯ ಪುಡಿಗೆ ಯಾಕೆ ಬರುವುದಿಲ್ಲ ಎಂದು ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ. ಗಟ್ಟಿ ಬೇಕಿದ್ದರೆ ಅರ್ಧ ಕೆಜಿಗೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ನೀರಲ್ಲಿ ಕದಡಿ ಕೊನೆಗೆ ಹಾಕಿ. ಟಾರ್ಟಿಯಾ ರೊಟ್ಟಿ ಮಾಡುವ ಮಾಸಾ ಹರೀನಾ ಮನೆಯಲ್ಲಿದ್ದರೆ ಅದು ಇನ್ನೂ ಒಳ್ಳೆಯದು. ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು ಅದು, ಗ್ರೇವಿಗೆ ಟಾರ್ಟಿಯಾದ ಘಮ ಕೊಡುತ್ತದೆ.

ಹುರಿಯುವುದು. ನಿಮ್ಮ ಕಹಿಯ ಒಂದು ಮೂಲ ಇಲ್ಲಿರಬಹುದು. ಒಣ ಮೆಣಸಿನಕಾಯಿ ಸೀಯಲು ಕೆಲವೇ ಸೆಕೆಂಡು ಸಾಕು. ನಾನು ಮೊದಲ ಸಲ ಮೋಲೆ ಮಾಡಿದಾಗ ಮೆಣಸಿನಕಾಯಿ ಚೆನ್ನಾಗಿ ಹುರಿಯಲಿ ಎಂದು ಕಪ್ಪು ಚುಕ್ಕೆ ಬರುವವರೆಗೆ ಕಾವಲಿಯಲ್ಲೇ ಬಿಟ್ಟಿದ್ದೆ. ಅರ್ಧ ದಿನದ ಕೆಲಸ. ಕೊನೆಗೆ ಎಷ್ಟು ಸಕ್ಕರೆ ಹಾಕಿದರೂ, ಎಷ್ಟು ಚಾಕೊಲೇಟ್ ಹಾಕಿದರೂ ಆ ಕಹಿ ಹೋಗಲಿಲ್ಲ. ಇಡೀ ಪಾತ್ರೆ ಚೆಲ್ಲಬೇಕಾಯಿತು. ಆ ಬೇಸರ ಇನ್ನೂ ನೆನಪಿದೆ. ಅದಕ್ಕೇ ಈ ಹಂತದಲ್ಲಿ ಯಾರಿಗಾದರೂ ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಹೀಗೆ ಮಾಡಿ. ತೊಟ್ಟು ಕಿತ್ತು, ಒಂದು ಕಡೆ ಕತ್ತರಿಸಿ ಪುಸ್ತಕದಂತೆ ಬಿಡಿಸಿ. ಬೀಜ ಉದುರಿಸಿ, ಒಳಗಿನ ಬಿಳಿ ನಾರನ್ನು ಬೆರಳಲ್ಲಿ ಎಳೆದು ತೆಗೆಯಿರಿ. ಖಾರ ಇರುವುದು ಬೀಜದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಖಾರದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಆ ಬಿಳಿ ನಾರಿನಲ್ಲಿ. ಬೀಜಕ್ಕೆ ಬರೀ ಸವರಿಕೊಂಡಿರುತ್ತದೆ. ಕಾವಲಿಯನ್ನು ಸಣ್ಣ ಉರಿಗಿಂತ ಸ್ವಲ್ಪವೇ ಜಾಸ್ತಿ ಇಟ್ಟು, ಒಂದೊಂದೇ ತುಂಡು ಹಾಕಿ, ಚಮಚದ ಬೆನ್ನಿನಿಂದ ಒತ್ತಿ. ಹತ್ತು ಹದಿನೈದು ಸೆಕೆಂಡಿಗೆ ಘಮ ಏಳುತ್ತದೆ, ಒಳಭಾಗದ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ತಿರುವಿ ಹಾಕಿ, ಇನ್ನೊಂದು ಹತ್ತು ಸೆಕೆಂಡು, ತೆಗೆದುಬಿಡಿ. ಘಮ ಬಂದರೆ ಸರಿ. ಘಾಟು ಬಂದು ಕೆಮ್ಮು ಶುರುವಾದರೆ ತಡವಾಯಿತು ಎಂದರ್ಥ. ಕಪ್ಪಾದ ತುಂಡನ್ನು ಉಳಿಸಿಕೊಳ್ಳಲು ಹೋಗಬೇಡಿ, ಒಂದೇ ತುಂಡು ಸಾಕು ಡಬ್ಬಿ ಕೆಡಿಸಲು.

ಆಂಚೊದ ಜೊತೆ ಒಂದು ತೊಂದರೆ ಇದೆ. ಅದು ಮೆತ್ತಗಿರುವುದರಿಂದ ಹುರಿದ ಮೇಲೂ ಮಿಕ್ಸಿಯಲ್ಲಿ ಪುಡಿಯಾಗದೆ ಬ್ಲೇಡಿಗೆ ಅಂಟಿಕೊಳ್ಳುತ್ತದೆ. ಕಾವಲಿಯ ಕೆಲಸ ಮುಗಿದ ಮೇಲೆ ಎಲ್ಲ ಮೆಣಸಿನಕಾಯಿಯನ್ನು ತಟ್ಟೆಯಲ್ಲಿ ಹರಡಿ ಅವನ್‌ನಲ್ಲಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಬಿಸಿ ಇರುವಾಗ ಇನ್ನೂ ಬಳುಕುತ್ತದೆ, ಹೊರಗೆ ತೆಗೆದು ಆರಿದ ಮೇಲೆ ಗರಿಗರಿಯಾಗುತ್ತದೆ. ಮುರಿದರೆ ಚಟ್ ಎನ್ನಬೇಕು. ಅವನ್ ಇಲ್ಲದವರು ಒಂದು ದಿನ ಬಿಸಿಲಿಗೆ ಇಟ್ಟು ಆಮೇಲೆ ಕಾವಲಿಗೆ ಹಾಕಬಹುದು.

ಜೀರಿಗೆ, ಕಾಳುಮೆಣಸು, ಆಲ್‌ಸ್ಪೈಸ್ ಬೇರೆಯಾಗಿ ಬೆಚ್ಚಗೆ ಮಾಡಿ. ಜೀರಿಗೆ ಒಂದು ಛಾಯೆ ಗಾಢವಾದರೆ ಸಾಕು. ಓರೆಗಾನೊ ಕಾವಲಿಗೆ ಬೇಡ, ಬಿಸಿ ಆರುತ್ತಿರುವ ಬಾಣಲೆಯಲ್ಲಿ ಒಮ್ಮೆ ಆಡಿಸಿದರೆ ಆಯಿತು. ಬೆಳ್ಳುಳ್ಳಿ, ಈರುಳ್ಳಿ ಪುಡಿ ಹುರಿಯಲೇಬಾರದು.

ಎಲ್ಲ ಪೂರ್ತಿ ತಣ್ಣಗಾದ ಮೇಲೆ ಮಿಕ್ಸಿಗೆ ಹಾಕಿ. ಬಿಸಿಯಲ್ಲಿ ಪುಡಿ ಮಾಡಿದರೆ ಆವಿ ಸೇರಿ ಗಂಟಾಗುತ್ತದೆ. ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ಓಡಿಸಿ. ಮುಗಿದ ಕೂಡಲೇ ಮುಚ್ಚಳ ತೆಗೆಯಬೇಡಿ, ಐದು ನಿಮಿಷ ಹಾಗೇ ಬಿಡಿ. ಗಾಳಿಯಲ್ಲಿ ತೇಲುವ ಪುಡಿ ಕೆಳಗೆ ಕೂರಲಿ, ಇಲ್ಲದಿದ್ದರೆ ಮನೆಯವರೆಲ್ಲ ಸೀನುತ್ತಾರೆ. ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೊಮ್ಮೆ ಪುಡಿ ಮಾಡಿ. ಮೆಣಸಿನಕಾಯಿ ಮುಟ್ಟಿದ ಕೈಗೆ ಮೊದಲು ಸ್ವಲ್ಪ ಎಣ್ಣೆ ಸವರಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಕ್ಯಾಪ್ಸೈಸಿನ್ ಬರೀ ನೀರಿಗೆ ಹೋಗುವುದಿಲ್ಲ.

ಪುಡಿ ಎಷ್ಟು ಚೆನ್ನಾಗಿದ್ದರೂ ಅಡುಗೆಗೆ ಹಾಕುವ ಹೊತ್ತು ತಪ್ಪಿದರೆ ಕಹಿಯಾಗುತ್ತದೆ. ನಿಮ್ಮ ಕಹಿಯ ಇನ್ನೊಂದು ಮೂಲ ಇದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಕಾದ ಎಣ್ಣೆಗೆ ನೇರವಾಗಿ ಸುರಿದರೆ ಬೆಳ್ಳುಳ್ಳಿ ಪುಡಿ ಮೊದಲು ಸೀಯುತ್ತದೆ. ಅದರ ಹಿಂದೆಯೇ ಮೆಣಸಿನಕಾಯಿ. ಹಾಗಂತ ನೀರಿಗೆ ಹಾಕಿದರೂ ಪ್ರಯೋಜನ ಇಲ್ಲ, ಮೆಣಸಿನಕಾಯಿಯ ಬಣ್ಣ ಮತ್ತು ಖಾರ ಎರಡೂ ಕೊಬ್ಬಿನಲ್ಲಿ ಕರಗುವಂಥವು. ಈರುಳ್ಳಿ ಮೆತ್ತಗಾಗಿ, ಮಾಂಸವೋ ತರಕಾರಿಯೋ ತನ್ನ ನೀರು ಬಿಟ್ಟು ಆ ನೀರು ಹೆಚ್ಚೂಕಮ್ಮಿ ಆರಿದಾಗ ಉರಿ ಸಣ್ಣ ಮಾಡಿ. ಎಣ್ಣೆ ಕಮ್ಮಿ ಕಂಡರೆ ಒಂದು ಚಮಚ ಸೇರಿಸಿ ಪುಡಿ ಹಾಕಿ. ಅರ್ಧದಿಂದ ಒಂದು ನಿಮಿಷ ಕೈಯಾಡಿಸಿ. ಎಣ್ಣೆ ಇಟ್ಟಿಗೆ ಕೆಂಪಾಗಿ ಅಂಚಿನಲ್ಲಿ ಕಾಣುತ್ತದೆ, ಪುಡಿಯ ಹಸಿ ವಾಸನೆ ಹೋಗುತ್ತದೆ. ಆ ಕ್ಷಣವೇ ಟೊಮ್ಯಾಟೊ ರಸವನ್ನೋ ನೀರನ್ನೋ ಹಾಕಿ, ಹತ್ತು ನಿಮಿಷ ಕುದಿಸಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಹುಳಿ ಬಿದ್ದಾಗಲೇ ಆಂಚೊದ ಸಿಹಿ ಎದ್ದು ಕಾಣುವುದು.

ಇಡುವುದಕ್ಕೆ ಬಿಗಿ ಮುಚ್ಚಳದ ಗಾಜಿನ ಡಬ್ಬಿ, ಕತ್ತಲೆ ಜಾಗ, ಒಲೆಯಿಂದ ದೂರ. ಬೆಳಕಿಗೆ ಬಣ್ಣ ಹೋಗುತ್ತದೆ, ತೇವಕ್ಕೆ ಬೆಳ್ಳುಳ್ಳಿ ಪುಡಿ ಗಟ್ಟಿಯಾಗುತ್ತದೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಸುರಿಯುವ ಅಭ್ಯಾಸ ಇದ್ದರೆ ಬಿಡಿ, ಆವಿ ಒಳಗೆ ಹೋಗುತ್ತದೆ. ಮೂರು ತಿಂಗಳು ಅತ್ಯುತ್ತಮ, ಆರು ತಿಂಗಳವರೆಗೆ ಪರವಾಗಿಲ್ಲ. ಆಮೇಲೆ ಕೆಡುವುದಿಲ್ಲ, ಸುಮ್ನೆ ಮಂಕಾಗುತ್ತದೆ. ಅದಕ್ಕೇ ಒಂದೇ ಸಲ ಅರ್ಧ ಕೆಜಿ ಮಾಡಬೇಡಿ.

ಈ ಪುಡಿ ಕೈಗೆ ಹತ್ತಿದ ಮೇಲೆ ದಯವಿಟ್ಟು ಒಂದು ಸಲ ಒದ್ದೆ ಮಸಾಲೆ ಮಾಡಿ ನೋಡಿ. ಹೆಸರು ಅಡೋಬೊ. ಬೀಜ ತೆಗೆದು ಹುರಿದ ಮೂರು ಆಂಚೊ, ನಾಲ್ಕು ಗ್ವಾಹಿಯೊವನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಕಾವಲಿಯಲ್ಲಿ ಸಿಪ್ಪೆ ಸಮೇತ ಸುಟ್ಟು ಆಮೇಲೆ ಸಿಪ್ಪೆ ಸುಲಿದ ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಸಣ್ಣ ಚಮಚ ಜೀರಿಗೆ, ಒಂದು ಸಣ್ಣ ಚಮಚ ಓರೆಗಾನೊ, ಎರಡು ಲವಂಗ, ಮೂರು ದೊಡ್ಡ ಚಮಚ ವಿನೆಗರ್, ಒಂದು ಸಣ್ಣ ಚಮಚ ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ನೆನೆಸಿದ ನೀರನ್ನು ರುಚಿ ನೋಡಿ. ಕಹಿ ಇದ್ದರೆ ಚೆಲ್ಲಿ, ಹೊಸ ನೀರು ಹಾಕಿ. ಸಿಪ್ಪೆಯ ಚೂರು ಉಳಿದರೆ ಸೋಸಿ. ಕೋಳಿಗೆ, ಪನೀರಿಗೆ, ಅಣಬೆಗೆ ಹಚ್ಚಿ ನಾಲ್ಕು ಗಂಟೆ ಬಿಡಿ. ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ಮೂರು ತಿಂಗಳು ಇರುತ್ತದೆ. ಇದೇ ಅಡೋಬೊಗೆ ಅಚಿಯೋಟೆ ಸೇರಿಸಿದರೆ ‘ಆಲ್ ಪಾಸ್ಟೋರ್’ ಟಾಕೋದ ಹತ್ತಿರ ಬರುತ್ತೀರಿ. ಲೆಬನಾನ್ ಕಡೆಯಿಂದ ಮೆಕ್ಸಿಕೊಗೆ ವಲಸೆ ಬಂದವರು ಮಾಂಸವನ್ನು ನೆಟ್ಟಗಿನ ಕಂಬಿಗೆ ಚುಚ್ಚಿ ಸುಡುವ ರೀತಿ ತಂದರು, ಮೆಕ್ಸಿಕೊ ಅದಕ್ಕೆ ತನ್ನ ಮೆಣಸಿನಕಾಯಿ ಹಚ್ಚಿತು.

ಪುಡಿಗೂ ಈ ಮುದ್ದೆಗೂ ಪದಾರ್ಥ ಹೆಚ್ಚೂಕಮ್ಮಿ ಒಂದೇ. ಆದರೂ ರುಚಿಯಲ್ಲಿ ಎಷ್ಟು ದೂರ ಎಂದು ಒಮ್ಮೆ ಪಕ್ಕಪಕ್ಕ ಇಟ್ಟು ತಿಂದರೆ ಗೊತ್ತಾಗುತ್ತದೆ. ನೆನೆದ ಮೆಣಸಿನಕಾಯಿಗೆ ಒಂದು ತಿರುಳು ಇರುತ್ತದೆ, ಬಾಯಲ್ಲಿ ತುಂಬಿ ನಿಲ್ಲುತ್ತದೆ.

ಸದ್ಯಕ್ಕೆ ನಿಮ್ಮ ಹತ್ತಿರ ಉಳಿದಿರುವ ಆ ಜೀರಿಗೆ ಜಾಸ್ತಿಯಾದ ಪುಡಿಯನ್ನು ಎಸೆಯಬೇಡಿ. ಮೊದಲು ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡಿ. ಪುಡಿಯೇ ಕಹಿ ಇದ್ದರೆ ಅದಕ್ಕೆ ಪರಿಹಾರ ಇಲ್ಲ. ಕಹಿ ಇಲ್ಲದೆ ಬರೀ ಜೀರಿಗೆ ಮುಂದಿದ್ದರೆ ಅದನ್ನು ತೂಗಿ, ಅದರಲ್ಲಿ ಜೀರಿಗೆ ಎಷ್ಟಿದೆ ಎಂದು ಲೆಕ್ಕ ಹಾಕಿ, ಅದರ ಹತ್ತರಷ್ಟು ಸಿಹಿ ಪ್ಯಾಪ್ರಿಕಾ ಅಥವಾ ಆಂಚೊ ಪುಡಿ ಸೇರಿಸಿ. ಬೆಳ್ಳುಳ್ಳಿ, ಓರೆಗಾನೊ ಕಮ್ಮಿ ಅನ್ನಿಸಿದರೆ ಆಮೇಲೆ ಅದನ್ನೂ ಸ್ವಲ್ಪ ಸೇರಿಸಿ, ಎರಡು ದಿನ ಮುಚ್ಚಿಟ್ಟು, ಒಂದು ಸಣ್ಣ ಬಟ್ಟಲು ಬೀನ್ಸಿಗೆ ಹಾಕಿ ನೋಡಿ.